ಡಿಸ್ಚಾರ್ಜ್ ಆಗಿ ಆರು ತಿಂಗಳ ಮೇಲೆ ಆಸ್ಪತ್ರೆಯಿಂದ ಫೋನ್ ಬಂದರೆ ದಯವಿಟ್ಟು ಎತ್ತಿ

ಕುಕ್ಕರಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಡಿ ಕೋಆರ್ಡಿನೇಟರ್, ಅಂದರೆ ಚಿಕಿತ್ಸೆ ಬಗ್ಗೆ ನಡೆಯುವ ಅಧ್ಯಯನಗಳ ಕೆಲಸ ನೋಡಿಕೊಳ್ಳುವವಳು. ಸ್ಟ್ರೋಕ್ ಆಗಿ ಸೇರಿದವರು ಮನೆಗೆ ಹೋದ ಮೇಲೆ ಹೇಗಿದ್ದಾರೆ ಅಂತ ಫೋನ್ ಮಾಡಿ ಕೇಳುವುದು ನನ್ನ ಕೆಲಸ. ಮೂರನೇ ತಿಂಗಳಿಗೆ ಒಂದು ಸಲ, ಆರನೇ ತಿಂಗಳಿಗೆ ಇನ್ನೊಂದು ಸಲ. ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲ, ಈ ಕಡೆ ನಂಜನಗೂಡು, ಎಚ್.ಡಿ. ಕೋಟೆ, ಎಲ್ಲಾ ಕಡೆಗೂ ಫೋನ್ ಹೋಗುತ್ತದೆ. ಎಷ್ಟೋ ಜನ ಎತ್ತುವುದೇ ಇಲ್ಲ. ಎತ್ತಿದವರಲ್ಲೂ ಕೆಲವರು "ಆಸ್ಪತ್ರೆಯಿಂದ ಮಾತಾಡ್ತಾ ಇದೀನಿ" ಅನ್ನುವಷ್ಟರಲ್ಲಿ ಕಟ್ ಮಾಡುತ್ತಾರೆ.

ಬೇಜಾರಿಗೆ ಬರೆಯುತ್ತಿಲ್ಲ. ಆ ಫೋನ್ ಯಾಕೆ ಬರುತ್ತದೆ ಅಂತ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಿಸ್ಚಾರ್ಜ್ ಶೀಟಿನಲ್ಲಿ "ಸ್ಥಿತಿ ಸುಧಾರಿಸಿದೆ" ಅಂತ ಬರೆದಿರುತ್ತಾರೆ. ಅದು ಆ ದಿನದ ಮಾತು. ಸ್ಟ್ರೋಕ್ ಆದವರ ವಿಷಯದಲ್ಲಿ ನಿಜವಾದ ಫಲಿತಾಂಶ ಗೊತ್ತಾಗುವುದು ಮನೆಯಲ್ಲಿ. ಎದ್ದು ಬಚ್ಚಲಿಗೆ ಹೋಗುತ್ತಾರಾ? ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರಾ? ಮತ್ತೆ ಅಂಗಡಿಯಲ್ಲಿ ಕೂತು ಲೆಕ್ಕ ನೋಡುತ್ತಿದ್ದಾರಾ? ಇದನ್ನೆಲ್ಲ ಅಳೆಯಲು 0ಯಿಂದ 6ರವರೆಗೆ ಒಂದು ಅಳತೆ ಇದೆ, ರಾಂಕಿನ್ ಸ್ಕೇಲ್ ಅಂತಾರೆ. ಏನೂ ತೊಂದರೆ ಇಲ್ಲದಿದ್ದರೆ 0. ಆಸರೆ ಇಲ್ಲದೆ ನಡೆಯುತ್ತಾರೆ, ಆದರೆ ಕೆಲವಕ್ಕೆ ಬೇರೆಯವರ ಸಹಾಯ ಬೇಕು ಅಂದರೆ 3. ಹಿಡಿದುಕೊಳ್ಳದೆ ನಡೆಯಲು ಆಗದಿದ್ದರೆ 4. ಹಾಸಿಗೆ ಹಿಡಿದಿದ್ದರೆ 5. ತೀರಿಕೊಂಡಿದ್ದರೆ 6.

ಫೋನಿನಲ್ಲಿ ಕೇಳುವಾಗ ಜಾಸ್ತಿ ಸಿಗುವ ಉತ್ತರ "ಪರವಾಗಿಲ್ಲ ಕಣಮ್ಮ, ಹಂಗೇ ಅವ್ರೆ". ಈ "ಹಂಗೇ" 1 ಆಗಿರಬಹುದು, 5 ಕೂಡ ಆಗಿರಬಹುದು. ಅದಕ್ಕೆ ಬಿಡಿಸಿ ಕೇಳಬೇಕಾಗುತ್ತದೆ. ಸ್ನಾನ ಯಾರು ಮಾಡಿಸುತ್ತಾರೆ? ಊಟ ತಾವೇ ಕಲಸಿಕೊಳ್ಳುತ್ತಾರಾ? ನಿನ್ನೆ ಮನೆಯಿಂದ ಆಚೆ ಬಂದಿದ್ದರಾ? ಇವು ಅಧಿಕಪ್ರಸಂಗದ ಪ್ರಶ್ನೆಗಳಲ್ಲ. ಒಂದೊಂದು ಉತ್ತರದಿಂದಲೂ ಒಂದೊಂದು ಅಂಕಿ ಸರಿಯಾಗುತ್ತದೆ.

ಇನ್ನೊಂದು ಮಾತು. ಮನೆಯವರು ತೀರಿಕೊಂಡಿದ್ದರೆ "ಇನ್ನೇನು ಹೇಳೋದು ಬಿಡಿ" ಅಂತ ಫೋನ್ ಇಡುತ್ತಾರೆ. ಆ ದುಃಖ ಅರ್ಥವಾಗುತ್ತದೆ. ಆದರೆ ಆ ಒಂದು ಉತ್ತರ ಇಲ್ಲದೆ ಹೋದರೆ, ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿದೆ ಅಂತ ಕಾಗದದ ಮೇಲೆ ಕಾಣುತ್ತದೆ. ಮುಂದೆ ಬರುವ ರೋಗಿಗೆ ಅದರಿಂದ ನಷ್ಟ. ಕೆಟ್ಟ ಸುದ್ದಿಯನ್ನೂ ನಮಗೆ ಹೇಳಿ. ನಾನು ಕೇಳಿಕೊಳ್ಳುವುದು ಇಷ್ಟೇ.

ಬೆಲ್ಲದ ಆಲೆಮನೆ, ಮಂಡ್ಯ

ನೀವು ಹೇಳುವುದು ಸರಿ ಇರಬಹುದು. ಆದರೆ ನಮ್ಮ ಕಡೆಯಿಂದಲೂ ನೋಡಿ. ದಿನಕ್ಕೆ ಎಷ್ಟು ಫೋನ್ ಬರುತ್ತವೆ! ಲೋನ್ ಬೇಕಾ, ಕೆ.ವೈ.ಸಿ. ಆಗಿಲ್ಲ, ಪಾರ್ಸಲ್ ಬಂದಿದೆ. ನಮ್ಮ ಚಿಕ್ಕಪ್ಪನಿಗೆ "ಆರೋಗ್ಯ ಕಾರ್ಡ್ ಕಡೆಯಿಂದ" ಅಂತ ಹೇಳಿಯೇ ಒ.ಟಿ.ಪಿ. ತಗೊಂಡು ದುಡ್ಡು ಹೊಡೆದರು. ಅದಾದ ಮೇಲೆ ಮನೆಯಲ್ಲಿ ಯಾರೂ ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ.

ಇನ್ನು ರಿಸರ್ಚ್ ಅಂದರೆ ನಮ್ಮ ಊರಿನಲ್ಲಿ ಒಂದೇ ಅರ್ಥ. "ನಮ್ಮನ್ನ ಇಲಿ ಮಾಡ್ಕೊಂಡು ನೋಡ್ತಾರೆ." ಆ ಭಯವನ್ನು ಯಾರು ಹೋಗಲಾಡಿಸಬೇಕು? ನಾವಾ, ನೀವಾ?

ಶಿಂಷಾ ದಂಡೆ

ನಂಬರ್ ಬದಲಾಗುವುದೂ ಒಂದು ಸಮಸ್ಯೆ. ಅಡ್ಮಿಟ್ ಮಾಡುವಾಗ ಯಾರು ಪಕ್ಕದಲ್ಲಿ ಇರುತ್ತಾರೋ ಅವರ ನಂಬರ್ ಕೊಟ್ಟಿರುತ್ತೇವೆ. ನಮ್ಮ ಅಜ್ಜಿಯ ಫೈಲಿನಲ್ಲಿ ಇದ್ದದ್ದು ಬಾಡಿಗೆ ಕಾರಿನ ಡ್ರೈವರ್ ನಂಬರ್.

ಕುಕ್ಕರಹಳ್ಳಿ

ಆಲೆಮನೆಯವರೇ, ನಿಮ್ಮ ಭಯ ನ್ಯಾಯವಾದದ್ದೇ. ಹೋಗಲಾಡಿಸುವ ಕೆಲಸ ನಮ್ಮದು, ನಿಮ್ಮದಲ್ಲ. ಗುರುತು ಹಿಡಿಯುವುದು ಹೇಗೆ ಅಂತ ಹೇಳುತ್ತೇನೆ.

ಯಾವ ಅಧ್ಯಯನಕ್ಕೂ ನಿಮ್ಮ ಒ.ಟಿ.ಪಿ. ಬೇಕಾಗಿಲ್ಲ, ಬ್ಯಾಂಕ್ ವಿವರ ಬೇಕಾಗಿಲ್ಲ. ಕೇಳಿದರೆ ಆ ಕ್ಷಣವೇ ಫೋನ್ ಇಡಿ. ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದರ ಜೊತೆ ಕನ್ನಡದಲ್ಲಿ ಒಂದು ಮಾಹಿತಿ ಪತ್ರ ಕೊಡಬೇಕು. ಅದರಲ್ಲಿ ಡಾಕ್ಟರ ಹೆಸರು, ಫೋನ್ ನಂಬರ್ ಇರಬೇಕು. ಅಧ್ಯಯನದಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ನಂಬರ್ ಕೂಡ ಇರಬೇಕು. ಅನುಮಾನ ಬಂದರೆ "ನಾನೇ ವಾಪಸ್ ಮಾಡ್ತೀನಿ" ಅಂತ ಹೇಳಿ ಇಡಿ, ಆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗಂತೂ ಹಾಗೆ ಮಾಡುವವರನ್ನು ಕಂಡರೆ ಖುಷಿ.

ಔಷಧಿ, ಚಿಕಿತ್ಸೆ ಹೋಲಿಸಿ ನೋಡುವ ಅಧ್ಯಯನ ಆದರೆ ಸಿ.ಟಿ.ಆರ್.ಐ. ಅಂತ ಸರ್ಕಾರಿ ನೋಂದಣಿ ಇದೆ. 2007ರಲ್ಲಿ ಶುರುವಾಯಿತು, ಔಷಧಿ ಪ್ರಯೋಗಗಳಿಗೆ 2009ರಿಂದ ಕಡ್ಡಾಯ. ನಿಮ್ಮ ಅಧ್ಯಯನದ ನಂಬರ್ ಕೇಳಿ, ಆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಸಹಿ ಹಾಕದಿದ್ದರೂ ನಿಮಗೆ ಸಿಗಬೇಕಾದ ಚಿಕಿತ್ಸೆ ಸಿಗಲೇಬೇಕು. ಸಹಿ ಹಾಕಿ ಮಧ್ಯದಲ್ಲಿ "ಬೇಡ" ಅಂದರೂ ಅಷ್ಟೇ. ಹೊಸ ಔಷಧಿಯ ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಎರಡನ್ನೂ ಕೊಡಬೇಕು ಅಂತ 2019ರ ನಿಯಮಗಳಲ್ಲಿದೆ.

ಲೇಬರ್ ವಾರ್ಡ್ ಸಿಸ್ಟರ್

ನಾನು ನಿವೃತ್ತಳಾದ ಸ್ಟಾಫ್ ನರ್ಸ್. ಹೆರಿಗೆ ವಾರ್ಡಿನಲ್ಲೇ ಸರ್ವಿಸ್ ಕಳೆದೆ. "ಇಲಿ ಮಾಡ್ಕೊಂಡು ನೋಡ್ತಾರೆ" ಅನ್ನುವ ಮಾತಿಗೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳಬೇಕು ಅನಿಸಿತು.

ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಿ ಹೋಗಿಬಿಡುವುದನ್ನು ನೋಡಿದವರಿಗೆ ಗೊತ್ತು. ಕಣ್ಣ ಮುಂದೆಯೇ, ಬೇಗ ಬೇಗ ಆಗಿಬಿಡುತ್ತದೆ. ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿ ಹಾಕಲು ಗೊತ್ತಿರಬೇಕು. ಹಳ್ಳಿಯ ಮನೆಯಲ್ಲಿ ಹೆರಿಗೆ ಆದರೆ? ಬೆಳಗಾವಿಯ ಮೆಡಿಕಲ್ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1,620 ತಾಯಂದಿರು. ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧ ಜನರಿಗೆ ಅದೇ ಥರ ಕಾಣುವ ಔಷಧಿ ಇಲ್ಲದ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ನಮ್ಮ ಎ.ಎನ್.ಎಂ. ಸಿಸ್ಟರ್‌ಗಳು. ಜಾಸ್ತಿ ರಕ್ತ ಹೋಗುವುದು 12%ರಿಂದ 6.4%ಗೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಮೇಲೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಕೆಲಸಕ್ಕೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನನಗೆ ಜಾಸ್ತಿ ಹಿಡಿಸಿದ್ದು ಅವರು ಅಳೆದ ರೀತಿ. ಕಣ್ಣಂದಾಜಿನಲ್ಲಿ ರಕ್ತ ಎಷ್ಟು ಹೋಯಿತು ಅಂತ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತೇವೆ. ಬಟ್ಟೆಯಲ್ಲಿ ಹೀರಿಕೊಂಡಿದ್ದು, ನೆಲಕ್ಕೆ ಹೋಗಿದ್ದು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಅವರು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ತುದಿ ಕೊಳವೆ ಥರ ಕಿರಿದಾಗಿ ಇಳಿದಿರುತ್ತದೆ, ಮೇಲೆ ಮಿಲಿ ಲೀಟರಿನ ಗೆರೆಗಳು. ರಕ್ತ ಅಲ್ಲಿ ಬಂದು ನಿಲ್ಲುತ್ತದೆ. 500ರ ಗೆರೆ ಮುಟ್ಟಿದರೆ ಯಾರನ್ನೂ ಕೇಳಬೇಕಾಗಿಲ್ಲ, ಎದುರಿಗೇ ಕಾಣುತ್ತದೆ.

2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇದೇ ಥರದ ಹಾಳೆ ಹಾಕಿ, ಗೆರೆ ಮುಟ್ಟಿದ ತಕ್ಷಣ ಎಲ್ಲಾ ಚಿಕಿತ್ಸೆ ಒಟ್ಟಿಗೆ ಶುರು ಮಾಡಿ ನೋಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕುಯ್ಯುವುದು, ಸಾವು, ಮೂರನ್ನೂ ಸೇರಿಸಿ ನೋಡಿದರೆ 60% ಕಡಿಮೆ. ಬೆಳಗಾವಿ ಹಳ್ಳಿಯ ಆ ತಾಯಂದಿರು ಒಪ್ಪಿಕೊಂಡಿದ್ದಕ್ಕೆ ಇಷ್ಟು ದೂರ ಬಂತು. ಅವರು ಯಾರ ಇಲಿಯೂ ಆಗಿರಲಿಲ್ಲ.

ಲಷ್ಕರ್ ಮೊಹಲ್ಲಾ

ಸಿಸ್ಟರ್, ತುಂಬಾ ಒಳ್ಳೆಯ ಮಾಹಿತಿ. ನಾನು ಟಿ.ಬಿ. ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಮೈಸೂರಿಗೆ ಹತ್ತಿರದ ವಿಷಯ.

ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಟೋರಿಯಂ ಎಲ್ಲರಿಗೂ ಗೊತ್ತು. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರ ಹೆಸರಿನಲ್ಲಿ ಕಟ್ಟಿದ್ದು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ, ಅಷ್ಟೇ. ಊರಾಚೆ ತಿಂಗಳುಗಟ್ಟಲೆ ಮಲಗಿರಬೇಕು. ಬಡವರು ಹೊಲ ಗದ್ದೆ ಬಿಟ್ಟು ಎಲ್ಲಿ ಹೋಗಿ ಮಲಗುತ್ತಾರೆ?

ಮಾತ್ರೆಗಳು ಬಂದ ಮೇಲೂ "ಆಸ್ಪತ್ರೆಯಲ್ಲೇ ಇರಬೇಕು, ಮನೆಯಲ್ಲಿ ಇದ್ದರೆ ಎಲ್ಲರಿಗೂ ಅಂಟುತ್ತದೆ" ಅಂತಲೇ ನಂಬಿಕೆ. ಇದನ್ನು ಪರೀಕ್ಷೆ ಮಾಡಿ ನೋಡಿದ್ದು ಮದರಾಸಿನಲ್ಲಿ, 1956ರಿಂದ. ವ್ಯಾಲೇಸ್ ಫಾಕ್ಸ್ ಅನ್ನುವ ಬ್ರಿಟಿಷ್ ಡಾಕ್ಟರ್ ಮುಂದಾಳು. ಬಡ ಕುಟುಂಬಗಳ ರೋಗಿಗಳನ್ನೇ ತಗೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಗೆ. ಇಬ್ಬರಿಗೂ ಒಂದೇ ಔಷಧಿ, ಒಂದು ವರ್ಷ. ಸ್ಯಾನಟೋರಿಯಂನವರಿಗೆ ಊಟ ಚೆನ್ನಾಗಿತ್ತು, ವಿಶ್ರಾಂತಿ ಇತ್ತು. ಮನೆಯವರಿಗೆ ಎರಡೂ ಕಡಿಮೆ. ಆದರೂ ವಾಸಿಯಾಗುವುದರಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಮನೆಯಲ್ಲಿದ್ದ ರೋಗಿಯ ಮಕ್ಕಳು, ಹೆಂಡತಿಗೆ ಕಾಯಿಲೆ ಅಂಟಿದ್ದೂ ಜಾಸ್ತಿ ಆಗಿರಲಿಲ್ಲ. 1959ರಲ್ಲಿ ವರದಿ ಬಂತು. ಆಮೇಲೆ ಪ್ರಪಂಚದಲ್ಲೆಲ್ಲ ಟಿ.ಬಿ.ಗೆ ಮನೆಯಲ್ಲೇ ಚಿಕಿತ್ಸೆ ಅನ್ನುವುದು ರೂಢಿಯಾಯಿತು.

ಇದು ಹೇಗೆ ಗೊತ್ತಾಯಿತು? ಮನೆ ಮನೆಗೆ ಹೋಗಿದ್ದರಿಂದ. ಹೇಳದೆ ಕೇಳದೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡುತ್ತಿದ್ದರು, ಮನೆಯವರ ಎಕ್ಸ್‌ರೇ ತೆಗೆಯುತ್ತಿದ್ದರು. ಬಾಗಿಲು ಹಾಕಿಕೊಂಡಿದ್ದರೆ ಇವತ್ತಿಗೂ ನಮ್ಮವರನ್ನು ಊರಾಚೆ ಮಲಗಿಸುತ್ತಿದ್ದರೋ ಏನೋ.

ಹೇಮಾವತಿ ನಾಲೆ

ಎಲ್ಲರೂ ದೊಡ್ಡ ದೊಡ್ಡ ಅಧ್ಯಯನದ ಮಾತು ಹೇಳುತ್ತಿದ್ದೀರಿ. ನನ್ನ ಅನುಭವ ಬೇರೆ. ನಮ್ಮ ತಂದೆಯನ್ನು ಒಂದು ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ಸೇರಿಸಿಕೊಂಡರು. ಹೆಸರು ಬೇಡ. ಸಹಿ ಹಾಕಿದ್ದು ನಾನೇ. ಐ.ಸಿ.ಯು. ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಔಷಧಿ ಚೀಟಿ, ಇನ್ನೊಂದು ಕೈಯಲ್ಲಿ ಪೆನ್ನು. ಓದಲು ಟೈಮ್ ಎಲ್ಲಿ? ಪ್ರತಿ ಸಲ ಹೋದಾಗಲೂ ರಕ್ತ ತಗೊಂಡರು. ಫೋನ್ ಬಂದಾಗಲೆಲ್ಲ ಉತ್ತರ ಕೊಟ್ಟೆವು. ಕೊನೆಗೆ ಏನು ಗೊತ್ತಾಯಿತು, ಆ ಔಷಧಿ ಕೆಲಸ ಮಾಡಿತಾ ಇಲ್ಲವಾ, ಒಂದು ಕಾಗದ ಇಲ್ಲ, ಒಂದು ಫೋನ್ ಇಲ್ಲ. ತಂದೆ ಇವತ್ತಿಗೂ ಕೇಳುತ್ತಾರೆ, "ನಾನು ಕೊಟ್ಟ ರಕ್ತದಿಂದ ಏನ್ ಕಂಡ್ಕೊಂಡ್ರು?" ಅಂತ. ಏನು ಹೇಳಲಿ?

ನಮ್ಮಿಂದ ತಗೊಳ್ಳುವಾಗ ಫೋನ್ ಮೇಲೆ ಫೋನ್. ಕೊಡುವಾಗ ಯಾಕೆ ಇಲ್ಲ?

ಪಿ.ಜಿ. ಎರಡನೇ ವರ್ಷ

ಹೇಮಾವತಿ ನಾಲೆಯವರೇ, ನಿಮ್ಮ ಮಾತಿಗೆ ಎದುರಾಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಇದು ನಮ್ಮ ಕಡೆಯ ಲೋಪ. ಪ್ರತಿ ಎಂ.ಡಿ., ಎಂ.ಎಸ್. ವಿದ್ಯಾರ್ಥಿಯೂ ಒಂದು ಥೀಸಿಸ್ ಮಾಡಲೇಬೇಕು. ಅದು ಯೂನಿವರ್ಸಿಟಿಗೆ ಹೋಗುತ್ತದೆ, ಲೈಬ್ರರಿಯಲ್ಲಿ ಕೂರುತ್ತದೆ. ಭಾಗವಹಿಸಿದವರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸುವುದು ಎಷ್ಟು ಕಷ್ಟ? ನಾನು ನನ್ನದರಲ್ಲಿ ಖಂಡಿತ ಮಾಡುತ್ತೇನೆ. ನಿಮ್ಮ ತಂದೆಯವರ ಮಾಹಿತಿ ಪತ್ರದಲ್ಲಿ ಡಾಕ್ಟರ ಹೆಸರು ಇದ್ದರೆ ಧೈರ್ಯವಾಗಿ ಬರೆದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ವಿಷಯ. "ಕೆಲಸ ಮಾಡಲಿಲ್ಲ" ಅನ್ನುವ ಫಲಿತಾಂಶವನ್ನೂ ನಿಮಗೆ ಹೇಳಬೇಕು. ಕೋವಿಡ್ ಎರಡನೇ ಅಲೆಯಲ್ಲಿ ವಾಸಿಯಾದವರ ರಕ್ತದಿಂದ ತೆಗೆಯುವ ಪ್ಲಾಸ್ಮಾ ಬೇಕು ಅಂತ ವಾಟ್ಸಾಪ್ ತುಂಬಾ ಮೆಸೇಜ್ ಓಡಾಡುತ್ತಿದ್ದವು, ನೆನಪಿದೆ ಅಲ್ವಾ? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐ.ಸಿ.ಎಂ.ಆರ್. 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅದನ್ನು ಆಗಲೇ ನೋಡಿತ್ತು. 28 ದಿನದೊಳಗೆ ಕಾಯಿಲೆ ಉಲ್ಬಣವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಕೊಟ್ಟವರಲ್ಲಿ 19%, ಕೊಡದವರಲ್ಲಿ 18%. 2020ರ ಅಕ್ಟೋಬರಿನಲ್ಲೇ ಪ್ರಕಟವಾಯಿತು. ಮಾರ್ಗಸೂಚಿಯಿಂದ ತೆಗೆದದ್ದು 2021ರ ಮೇನಲ್ಲಿ. ಆ ಫಲಿತಾಂಶ ಜನರ ಭಾಷೆಯಲ್ಲಿ ಜನರಿಗೆ ತಲುಪಿದ್ದರೆ ಎಷ್ಟು ಕುಟುಂಬಗಳ ಪರದಾಟ ತಪ್ಪುತ್ತಿತ್ತು! 2020ರಲ್ಲೇ ಬ್ರಿಟನ್ನಿನ ರಿಕವರಿ ಅಧ್ಯಯನ ಡೆಕ್ಸಾಮೆಥಸೋನ್ ಅನ್ನುವ ಅಗ್ಗದ ಹಳೆಯ ಔಷಧಿ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆ ಮಾಡುತ್ತದೆ ಅಂತ ತೋರಿಸಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಉಪಯೋಗ ಇಲ್ಲ ಅಂತಲೂ ಹೇಳಿತು. ಅಲ್ಲಿ ಆಸ್ಪತ್ರೆ ದಾಖಲೆಗೂ ಮರಣ ದಾಖಲೆಗೂ ಕೊಂಡಿ ಇದೆ. ರೋಗಿ ಮನೆಗೆ ಹೋದ ಮೇಲೂ ಏನಾಯಿತು ಅಂತ ಆ ದಾಖಲೆಯಿಂದಲೇ ತಿಳಿಯುತ್ತದೆ. ನಮಗೆ ಇರುವುದು ಕುಕ್ಕರಹಳ್ಳಿಯವರ ಫೋನ್ ಮಾತ್ರ.

ಸ್ಟ್ರೋಕ್ ವಿಷಯಕ್ಕೆ ಬಂದರೆ ಅಟೆಂಡ್ ಅಂತ ಒಂದು ಅಧ್ಯಯನ ನಮ್ಮ ದೇಶದಲ್ಲೇ ಆಯಿತು. 14 ಆಸ್ಪತ್ರೆ, 1,250 ರೋಗಿಗಳು. ಮನೆಯವರಿಗೇ ವ್ಯಾಯಾಮ ಮಾಡಿಸುವುದನ್ನು ಕಲಿಸಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರಾ ಅಂತ ಪ್ರಶ್ನೆ. ಯಾರಿಗಾದರೂ ಹೌದು ಅನಿಸುತ್ತದೆ. ಆರು ತಿಂಗಳ ಮೇಲೆ ನೋಡಿದರೆ, ತೀರಿಕೊಂಡವರು ಮತ್ತು ಬೇರೆಯವರ ಆಸರೆಯಲ್ಲೇ ಇರುವವರು ಸೇರಿ ಎರಡೂ ಗುಂಪಿನಲ್ಲಿ 47%. ವ್ಯಾಯಾಮ ದಂಡ ಅಂತ ಇದರ ಅರ್ಥವಲ್ಲ. ಮನೆಯವರ ಹೆಗಲಿಗೆ ಹೊರಿಸಿಬಿಟ್ಟರೆ ಸಾಕು, ಫಿಸಿಯೋಥೆರಪಿ ವ್ಯವಸ್ಥೆ ಬೇಡ ಅನ್ನುವ ಹಾಗಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದು 2017ರಲ್ಲಿ ಬಂತು. ಮೊದಲ ವಾರಕ್ಕೇ ನಿಲ್ಲಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಶಿಂಷಾ ದಂಡೆ

ಆ 47% ಓದಿ ಮನಸ್ಸು ಭಾರವಾಯಿತು. ಸುಮಾರು ಅರ್ಧ ಜನ.

ವಿ.ಸಿ. ಫಾರಂ ಪಕ್ಕದವನು

ನಾನು ರೈತ. ಡಾಕ್ಟರ್ ಭಾಷೆ ಗೊತ್ತಿಲ್ಲ. ಆದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ ತಳಿ ಪರೀಕ್ಷೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಪಕ್ಕಪಕ್ಕದ ತಾಕಿನಲ್ಲಿ ಬೇರೆ ಬೇರೆ ತಳಿ ಹಾಕುತ್ತಾರೆ. ಬೆಂಕಿ ರೋಗ ಬಂದು ಒಣಗಿದ ತಾಕನ್ನು ಬಿಟ್ಟು ಮಿಕ್ಕಿದ್ದರ ಇಳುವರಿ ಬರೆದರೆ ಯಾವ ತಳಿಯೂ ಚೆನ್ನಾಗಿಯೇ ಕಾಣುತ್ತದೆ. ಆ ಬೀಜ ತಂದು ಹಾಕಿದವನು ಹಾಳಾಗುತ್ತಾನೆ. ಕುಕ್ಕರಹಳ್ಳಿಯವರು ಕೆಟ್ಟ ಸುದ್ದಿಯೂ ಬೇಕು ಅಂದದ್ದು ನನಗೆ ಹಾಗೆ ಅರ್ಥವಾಯಿತು.

ಹಾವು ಕಡಿತದ್ದು ಒಂದು ವಿಷಯ ಹೇಳುತ್ತೇನೆ. ಕಬ್ಬಿನ ಗದ್ದೆಯವರಿಗೆ ಇದು ದಿನದ ಭಯ. ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ 2020ರಲ್ಲಿ ಲೆಕ್ಕ ಬಂತು. ವರ್ಷಕ್ಕೆ ಸುಮಾರು 58,000. ಆಸ್ಪತ್ರೆ ಲೆಕ್ಕದಲ್ಲಿ ಇದರ ಸಣ್ಣ ಪಾಲು ಮಾತ್ರ ಇತ್ತು. ಯಾಕೆಂದರೆ ಎಷ್ಟೋ ಜನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿರುತ್ತಾರೆ. ಈ ಲೆಕ್ಕ ಸಿಕ್ಕಿದ್ದು ಸತ್ತವರ ಮನೆಗೆ ಹೋಗಿ "ಹೇಗಾಯಿತು" ಅಂತ ಕೇಳಿದ್ದರಿಂದ. ಮನೆಯವರು ಅತ್ತುಕೊಂಡೇ ಹೇಳಿದ್ದಾರೆ. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಮನೆಯವರ ಮಾತಿಗೆ ಬೆಲೆ ಇದೆ.

ಬೆಲ್ಲದ ಆಲೆಮನೆ, ಮಂಡ್ಯ

ಸರಿ, ಅರ್ಧ ಒಪ್ಪಿದೆ. ಇನ್ನರ್ಧ ಹೇಮಾವತಿ ನಾಲೆಯವರ ಪ್ರಶ್ನೆಯಲ್ಲೇ ಇದೆ. ಫಲಿತಾಂಶ ವಾಪಸ್ ಬರುವವರೆಗೂ ಜನ ನಂಬುವುದಿಲ್ಲ. ಫೋನ್ ಮಾಡುವ ಮೊದಲು ನಮ್ಮ ಆಶಾ ಅಕ್ಕನಿಗೆ ಒಂದು ಮಾತು ಹೇಳಿಸಿ. ಅವರು "ಇದು ನಿಜವಾದ ಫೋನು, ಎತ್ತಿ" ಅಂದರೆ ನಮ್ಮ ಅವ್ವ ಎತ್ತುತ್ತಾರೆ.

ಕುಕ್ಕರಹಳ್ಳಿ

ಆಶಾ ಕಾರ್ಯಕರ್ತೆಯರ ಸಲಹೆಯನ್ನು ನಮ್ಮ ಮೀಟಿಂಗಿನಲ್ಲಿ ಇಡುತ್ತೇನೆ. ಅವರ ಮೇಲೆ ಈಗಲೇ ಸಾಕಷ್ಟು ಹೊರೆ ಇದೆ, ಸಂಬಳ ಸರಿಯಾಗಿಲ್ಲ, ಹಾಗಾಗಿ ಅಧ್ಯಯನದ ದುಡ್ಡಿನಲ್ಲಿ ಅವರಿಗೂ ಕೊಡಬೇಕು. ಅದು ಬಿಟ್ಟು ಸುಮ್ನೆ "ನೀವೇ ಹೇಳಿ" ಅನ್ನುವುದು ತಪ್ಪು. ನಂಬರ್ ವಿಷಯಕ್ಕೆ, ಅಡ್ಮಿಷನ್ ಹೊತ್ತಿನಲ್ಲಿ ಅಲ್ಲ, ಡಿಸ್ಚಾರ್ಜ್ ದಿನ ಕೂತು ಎರಡು ನಂಬರ್ ಬರೆದುಕೊಳ್ಳುವುದು ಒಳ್ಳೆಯದು. ಒಂದು ಮನೆಯಲ್ಲಿ ಇರುವವರದ್ದು, ಇನ್ನೊಂದು ಅದೇ ಬೀದಿಯ ನೆಂಟರದ್ದೋ ಅಂಗಡಿಯವರದ್ದೋ.

ಸಹಿಯ ವಿಷಯ ಇನ್ನೂ ಕಷ್ಟದ್ದು. ಸ್ಟ್ರೋಕಿನಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಓಟದಲ್ಲಿ ಅಧ್ಯಯನದ ಪತ್ರವನ್ನೂ ಮುಂದೆ ಹಿಡಿದರೆ ಯಾರು ಓದಲು ಸಾಧ್ಯ? ಅವಸರ ಕಳೆದ ಮೇಲೆ ವಾರ್ಡಿನಲ್ಲಿ ಮತ್ತೆ ಕೂತು, ಓದಿ ಹೇಳಿ, "ಈಗಲೂ ಒಪ್ಪಿಗೆ ಇದೆಯಾ" ಅಂತ ಕೇಳಬೇಕು. ನನ್ನ ಮಟ್ಟಿಗೆ ಇದನ್ನು ಬಿಡಬಾರದು.

ಕೆ.ಆರ್. ಪೇಟೆ

ಒಂದು ಅನುಮಾನ. ನಮ್ಮ ಅತ್ತೆಯವರನ್ನು ಅಧ್ಯಯನದಲ್ಲಿ ಒಂದು ಗುಂಪಿಗೆ ಹಾಕಿದ್ದರು. ನಾಲ್ಕು ದಿನಕ್ಕೆ ನಾವೇ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ಔಷಧಿ ನಿಲ್ಲಿಸಿದರು. ಆಮೇಲೆ ಮನೆಯಲ್ಲಿ ತೀರಿಕೊಂಡರು. ಫೋನ್ ಬಂದಾಗ "ನಾವು ಬಿಟ್ಟು ಹೋದವರು, ನಮ್ಮದು ಲೆಕ್ಕಕ್ಕೆ ಬರಲ್ಲ" ಅಂತ ಹೇಳಿ ಇಟ್ಟೆ. ಅದು ಸರೀನಾ?

ಪಿ.ಜಿ. ಎರಡನೇ ವರ್ಷ

ಲೆಕ್ಕಕ್ಕೆ ಬರುತ್ತದೆ. ಮೊದಲು ಯಾವ ಗುಂಪಿಗೆ ಹಾಕಿದ್ದರೋ ಅದೇ ಗುಂಪಿನಲ್ಲಿ ಎಣಿಸುತ್ತಾರೆ, ಔಷಧಿ ಪೂರ್ತಿ ತಗೊಂಡಿರಲಿ, ಬಿಡಲಿ. ಬಿಟ್ಟು ಹೋದವರನ್ನು ತೆಗೆದುಹಾಕಿದರೆ, ಔಷಧಿ ಒಗ್ಗದೆ ಹೋದವರೆಲ್ಲ ಲೆಕ್ಕದಿಂದ ಮಾಯವಾಗುತ್ತಾರೆ. ಅತ್ತೆಯವರ ವಿಷಯ ಕೇಳಿ ದುಃಖವಾಯಿತು.

ಕುಕ್ಕರಹಳ್ಳಿ

ಕೆ.ಆರ್. ಪೇಟೆಯವರೇ, ಈಗಲೂ ಹೇಳಬಹುದು. ಮಾಹಿತಿ ಪತ್ರದ ನಂಬರಿಗೆ ಫೋನ್ ಮಾಡಿ, ರೋಗಿಯ ಹೆಸರು ಮತ್ತು ತೀರಿಕೊಂಡ ದಿನಾಂಕ ಹೇಳಿ. ಔಷಧಿ ಯಾವಾಗ ನಿಲ್ಲಿಸಿದರು ಅಂತ ನೆನಪಿದ್ದರೆ ಅದನ್ನೂ ಹೇಳಿ. ಬೇರೆ ಯಾವ ಪ್ರಶ್ನೆಗೂ ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ಅಷ್ಟಕ್ಕೇ ಇಡಿ. ಪತ್ರ ಕಳೆದುಹೋಗಿದ್ದರೆ ಆಸ್ಪತ್ರೆಯ ಮುಖ್ಯ ನಂಬರಿಗೆ ಮಾಡಿ, ಎಥಿಕ್ಸ್ ಕಮಿಟಿ ಆಫೀಸಿಗೆ ಕೊಡಿ ಅನ್ನಿ.